ಒಲ್ಲೆನೆನ್ನಲು ಕಲಿಸಿದ್ದೇವೆಯೇ?



ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಕುಡಿಯುವವನಿಗೆ ಆ ಜೋಳಿಗೆ ಬಿಡುಗಡೆಯ ದಾರಿ. ಆದರೆ ಇನ್ನೂ ಕುಡಿಯದ ಹದಿನೈದರ ಬಾಲಕನು ಅದರಲ್ಲಿ ಹಾಕುವುದಾದರೂ ಏನನ್ನು? ಅವನಿಗೆ ಬೇಕಾದ ಬಲವೇ ಬೇರೆ.

ತೆಂಗಳಿಯ ಸುತ್ತಲಿನ ನಮ್ಮ ಭಾಗವನ್ನೇ ನೋಡಿರಿ. ಶಹಾಬಾದದ ಕಲ್ಲುಗಣಿ, ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಸೀಮೆಯಿದು. ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗನು ಕೂಲಿಗೆ ಹೋದರೆ ಎಳೆಯ ಕೈಗೆ ಪಗಾರವೂ ಬರುತ್ತದೆ, ಹಿರಿಯರ ಸಹವಾಸವೂ ದೊರೆಯುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ನಿಜ, ಬಾಟಲಿ ಉಳಿಯಿತು. ಮೊದಲ ಗುಟುಕು ಕೊಡುವವನು ಬಹುತೇಕ ಪರಕೀಯನಲ್ಲ. ಸೋದರಮಾವನ ಮಗ, ಓಣಿಯ ಅಣ್ಣ, ಮದುವೆಯ ಮೆರವಣಿಗೆಯಲ್ಲಿ ಜೊತೆಗೆ ಕುಣಿಯುವ ಗೆಳೆಯ.

ಇಲ್ಲಿಯೇ ನಮ್ಮ ಮನೆಗಳ ತೊಡಕಿದೆ. ಹಿರಿಯರ ಮಾತು ಮೀರಬಾರದೆಂದು ನಾವು ಮಕ್ಕಳನ್ನು ಬೆಳೆಸುತ್ತೇವೆ. ಪಂಕ್ತಿಯಲ್ಲಿ ಕುಳಿತ ಮಗು ಎರಡೂ ಕೈ ಅಡ್ಡ ಹಿಡಿದರೂ ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತದೆ! ಪ್ರೀತಿಯ ಒತ್ತಾಯವದು, ಅಲ್ಲಗಳೆಯುವುದಿಲ್ಲ. ಆದರೆ "ಸಾಕು" ಎಂದ ಮಾತಿಗೆ ಮನೆಯಲ್ಲಿಯೇ ಬೆಲೆ ಕಾಣದ ಮಗನು, ಅಣ್ಣನೆನಿಸಿದವನು ಗ್ಲಾಸು ಮುಂದೆ ಹಿಡಿದಾಗ ಯಾವ ಬಾಯಿಂದ ಒಲ್ಲೆನೆನ್ನಬೇಕು?

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನರಿಯುವುದು, ನಿರ್ಧಾರ ಕೈಗೊಳ್ಳುವುದು, ಮನದ ಒತ್ತಡವನ್ನು ನಿಭಾಯಿಸುವುದು ಅವುಗಳಲ್ಲಿ ಕೆಲವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರೌಢಶಾಲೆಗಳಿಗಾಗಿ ಇವುಗಳ ಪಾಠಕ್ರಮವನ್ನೇ ಸಿದ್ಧಪಡಿಸಿದೆ. ಅದರ ತಿರುಳು ಉಪದೇಶವಲ್ಲ, ಅಭ್ಯಾಸ. ಈಜನ್ನು ಹೊಂಡದ ದಂಡೆಯಲ್ಲಿ ನಿಂತು ಹೇಳಿಕೊಡಲಾದೀತೇ?

ಆದುದರಿಂದ ಜಾತ್ರೆಗೋ ಮದುವೆಗೋ ಕಳುಹಿಸುವ ಮುನ್ನ ಮನೆಯಲ್ಲಿ ಆಡಿ ತೋರಿಸಿರಿ. ತಂದೆಯೇ ಒತ್ತಾಯಿಸುವ ಗೆಳೆಯನಾಗಲಿ: "ಒಂದು ಗುಟುಕಿಗೆ ಏನಾಗ್ತದೋ? ನೀ ಗಂಡಸು ಹೌದೋ ಅಲ್ಲೋ?" ಮಗನು ಕಣ್ಣು ತಪ್ಪಿಸದೆ, ಕಾರಣಗಳ ಸರಮಾಲೆ ಹೆಣೆಯದೆ, "ನಾ ಒಲ್ಲೆ ಅಣ್ಣಾ, ನಡಿ ಊಟಕ್ಕ ಹೋಗೋಣು" ಎಂದು ಹೇಳಿ ಎದ್ದು ನಡೆಯಲಿ. ಮೊದಲ ಸಲ ನಗು ಬಂದೀತು, ಬರಲಿ. ನಾಲ್ಕನೆಯ ಸಲಕ್ಕೆ ನಾಲಿಗೆ ತಾನೇ ತಿರುಗುತ್ತದೆ.

ನಪಾಸಾದ ನೋವು, ಅವಮಾನಗಳನ್ನು ಮನೆಯಲ್ಲಿ ಆಡಿಕೊಳ್ಳಲು ಎಡೆಯಿರಬೇಕು. ಇಲ್ಲವಾದರೆ ಕೇಳುವ ಕಿವಿಯನ್ನು ಅವನು ಹೊರಗೆ ಹುಡುಕುತ್ತಾನೆ.

ದೊಡ್ಡವರೂ ಒಂದು ಸಂಗತಿಯನ್ನರಿಯಬೇಕು. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ, ವೈದ್ಯರ ಆದೇಶವಿಲ್ಲದೆ 18 ತುಂಬದವರಿಗೆ ಮದ್ಯ ಕೊಡುವವನಿಗೆ 7 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಮಾರಿದವನಿಗೆ ಮಾತ್ರವಲ್ಲ, ಸಲುಗೆಯಿಂದ ಕೊಟ್ಟ ಮಾವನಿಗೂ ಇದು ಅನ್ವಯಿಸುತ್ತದೆ.

ಇನ್ನು, ಎಲ್ಲಿಂದಾದರೂ ಮಗನು ರಾತ್ರಿ ಫೋನು ಮಾಡಿ "ಅಪ್ಪಾ, ಇಲ್ಲಿ ಸರಿ ಇಲ್ಲ, ಕರಕೊಂಡು ಹೋಗಿ" ಎಂದರೆ, ಹೊತ್ತು ನೋಡದೆ ಹೊರಡಿರಿ. ದಾರಿಯಲ್ಲಿ ಬೈಯಬೇಡಿರಿ. ಕೇಳಬೇಕಾದುದನ್ನು ಮರುದಿನ ಮುಂಜಾನೆ, ಪೂಜೆ ಮುಗಿದ ಮೇಲೆ ಕೇಳಿದರಾಯಿತು.