ಪೊಟರೆಗೆ ಬೆಂಕಿ ಇಟ್ಟವರು

ಮೊನ್ನೆ ಭಾನುವಾರ ಬೆಳಿಗ್ಗೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪಿಗೆ ಹೋಗಿದ್ದೆ. ಕಾಲುದಾರಿ ಹಿಡಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಇಬ್ಬರು ಕೈ ಚಾಚಿದರೂ ತಬ್ಬಿಗೆ ಸಿಗದ ಮರ. ಅದರ ಪೊಟರೆಯೊಳಕ್ಕೆ ಬಗ್ಗಿ ನೋಡಿದೆ. ಸುತ್ತಲೂ ಇದ್ದಿಲು, ತಳದಲ್ಲಿ ಇನ್ನೂ ಬೆಚ್ಚಗಿದ್ದ ಬೂದಿ, ಬೂದಿಯಲ್ಲಿ ಕೋಳಿ ಮೂಳೆ, ಒಡೆದ ಬಿಯರ್ ಬಾಟಲಿ. ಬದುಕಿರುವ ಮರವನ್ನೇ ಒಲೆ ಮಾಡಿಕೊಂಡು ಕೋಳಿ ಸುಟ್ಟು ತಿಂದು ಹೋಗಿದ್ದಾರೆ!

ನನಗೆ ಮೈಯೆಲ್ಲ ಉರಿದುಹೋಯಿತು. ಸುಮಾರು 54 ಎಕರೆಯ ಈ ತೋಪನ್ನು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲಾಯಿತು. ಇಲ್ಲಿರುವುದು ಮುನ್ನೂರರ ಆಸುಪಾಸು ಹುಣಸೆ ಮರ. ಚೋಳರ ಕಾಲದ್ದು ಎಂದು ಊರವರ ಮಾತು. ತೀರಾ ಹಳೆಯವಕ್ಕೆ ನಾನೂರು ವರ್ಷವಾಗಿದೆ ಎನ್ನುತ್ತಾರೆ ಪರೀಕ್ಷಿಸಿದವರು. ಒಂದೊಂದು ಬುಡವೂ ಹುರಿ ಹೊಸೆದಂತೆ ತಿರುಚಿಕೊಂಡಿದೆ. ಹಳೆಯ ಕಾಂಡ ಲಡ್ಡಾದಾಗ ಅದರ ಬುಡದಿಂದಲೇ ಚಿಗುರೆದ್ದು ಮತ್ತೊಂದು ಮರವಾಗಿ ನಿಲ್ಲುತ್ತದೆ, ಅಜ್ಜನ ತೊಡೆಯ ಮೇಲೆ ಮೊಮ್ಮಗ ನಿಂತ ಹಾಗೆ. ಒಳಗೆ ಟೊಳ್ಳಾದ ಮರವನ್ನು ಬದುಕಿಸುವುದು ತೊಗಟೆಯ ಕೆಳಗಿನ ತೆಳು ಹಸಿಪದರ. ಪೊಟರೆಗೆ ಬೆಂಕಿ ಬಿದ್ದರೆ ಹೊಗೆಗೂಡಿನಂತೆ ಉರಿ ಮೇಲಕ್ಕೇರಿ ಆ ಹಸಿಪದರವೂ ಬೆಂದುಹೋಗುತ್ತದೆ. ಪೊಟರೆಯಲ್ಲಿ ಗೂಬೆ ಮರಿ ಮಾಡಿದ್ದರೆ ಅದರ ಗತಿ ಹೇಳಬೇಕಿಲ್ಲ. ಮುಂದಿನ ಮರದಲ್ಲಿ ತೊಗಟೆ ಸುಲಿದು ಹೃದಯದ ಚಿತ್ರ, ಎರಡು ಹೆಸರು. ಪ್ರೀತಿಯಂತೆ, ಥೂ!

ಆಡು ಮೇಯಿಸುತ್ತಿದ್ದ ಹಿರಿಯರನ್ನು ಕೇಳಿದೆ. ‘ರಾತ್ರಿ ಕಾರಲ್ಲಿ ಬತ್ತಾರೆ ಸಾರ್. ಕೇಳಕ್ಕೋದ್ರೆ ನಮಗೇ ವಡಿಯಕ್ ಬತ್ತಾರೆ’ ಎಂದರು.

ಮಾರನೆಯ ದಿನ ಸಂಬಂಧಪಟ್ಟ ಕಚೇರಿಯೊಂದಕ್ಕೆ ಫೋನ್ ಮಾಡಿದೆ. ‘ಹಳೇ ಮರ ಅಲ್ವಾ, ಇವತ್ತಲ್ಲ ನಾಳೆ ಬೀಳೋದೇ’ ಎಂಬ ಉತ್ತರ ಬಂತು. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದು ಸಂಬಳ ತೆಗೆದುಕೊಂಡು ಕುರ್ಚಿಯಲ್ಲಿ ಕೂತವರಿಗೆ ಗೊತ್ತಿಲ್ಲ. ಆ ಸುಟ್ಟ ಮರದ ಪೂರ್ವದ ಕೊಂಬೆಯಲ್ಲಿ ಈಗಲೂ ಕಾಯಿ ಗೊಂಚಲು ತೂಗುತ್ತಿದೆ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಂ ಇಂಥ ತಾಣಗಳನ್ನು ಘೋಷಿಸಿ ಕಾಪಾಡುವುದಕ್ಕೆಂದೇ ಇದೆ. ಘೋಷಿಸಿ, ಬೋರ್ಡು ನೆಟ್ಟು, ಮಲಗಿಬಿಟ್ಟರೆ ಬೋರ್ಡು ಬೆಂಕಿ ಆರಿಸುತ್ತದೆಯೇ?

ರಾತ್ರಿ ಕಾವಲಿಗೆ ಇಬ್ಬರನ್ನು ಹಾಕಿ. ಬೇಸಿಗೆಗೆ ಮುಂಚೆ ಒಣಹುಲ್ಲು ಕೊಯ್ದು ಬೆಂಕಿರೇಖೆ ಮಾಡಿಸಿ. ಕತ್ತಲಾದ ಮೇಲೆ ಒಂದು ಕಾರೂ ಒಳಗೆ ಬರಕೂಡದು. ತೋಪು ನೋಡಲು ಹೋಗುವವರು ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಹೋಗಿ. ಹೊಗೆ ಕಂಡರೆ ವಿಡಿಯೊ ಮಾಡುತ್ತಾ ನಿಲ್ಲಬೇಡಿ, ತಕ್ಷಣ 112ಕ್ಕೆ ಕರೆ ಮಾಡಿ.