ಗೆದ್ದ ಪಂದ್ಯಕ್ಕಿಂತ ಗುಡಿಸಿದ ಬೀದಿಗೆ ಹೆಚ್ಚು ಅಂಕ

ಗಲ್ಫಿನಲ್ಲಿ ದುಡಿಯುವ ನಮಗೆ ಕೀನ್ಯಾದವರು ಹೊಸಬರೇನಲ್ಲ. ಮಾಲ್‌ನ ಬಾಗಿಲಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯೂರಿಟಿ, ಹೋಟೆಲಿನ ರಿಸೆಪ್ಶನ್‌ನ ಹುಡುಗಿ, ಅರಬಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು, ಇವರಲ್ಲಿ ಎಷ್ಟೋ ಮಂದಿ ನೈರೋಬಿ ಕಡೆಯವರು. ಸಂಬಳದ ದಿನ ಎಕ್ಸ್‌ಚೇಂಜ್‌ನ ಸಾಲಿನಲ್ಲಿ ನಮ್ಮ ಹಿಂದೆ ಮುಂದೆ ಅವರೂ ನಿಂತಿರುತ್ತಾರೆ. ಅವರ ಚಿಂತೆಯೂ ನಮ್ಮದೇ: ಮನೆಗೆ ಎಷ್ಟು ಕಳಿಸುವುದು, ತಮ್ಮನ ಫೀಸು ಕಟ್ಟಿಯಾಯ್ತಾ, ಊರಲ್ಲಿರುವ ಮಗ ಸಂಜೆ ಯಾರ ಜೊತೆ ತಿರುಗುತ್ತಿದ್ದಾನೆ.

ಈ ಕೊನೆಯ ಚಿಂತೆಯ ಬಗ್ಗೆಯೇ ಈ ಸಲ ನಾವು ಬರೆಯುತ್ತಿರುವುದು. ನೈರೋಬಿಯ ಬಡವರ ಕೇರಿಯೊಂದು ಇದಕ್ಕೆ ತನ್ನದೇ ಆದ ಒಂದು ದಾರಿ ಕಂಡುಕೊಂಡಿದೆ. ಅದರಿಂದ ನಮ್ಮ ಸಂಘಟನೆಗಳು ಕಲಿಯುವುದು ಬಹಳ ಇದೆ ಅಂತ ನಮಗನ್ನಿಸುತ್ತದೆ.

ನೈರೋಬಿ ಮೊದಲಿನಿಂದಲೂ ವಲಸೆ ಕಾರ್ಮಿಕರ ಬೆವರಿನ ನಗರ. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ಒಳನಾಡಿಗೆ ರೈಲು ಹಳಿ ಹಾಕಲು ಶುರು ಮಾಡಿದಾಗ ಸುಮಾರು 32 ಸಾವಿರ ಕೂಲಿಯಾಳುಗಳನ್ನು ಹಿಂದೂಸ್ತಾನದಿಂದ ಕರೆದೊಯ್ದರು. ಅವರಲ್ಲಿ ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲೇ ಮಣ್ಣಾದರು. 1899ರಲ್ಲಿ ಆ ಹಳಿಯ ದಾರಿಯಲ್ಲಿ ಹಾಕಿದ ಡಿಪೋವೇ ಬೆಳೆದು ನೈರೋಬಿ ಆಯಿತು. ಆಮೇಲೆ ಕೆಲಸ ಹುಡುಕಿಕೊಂಡು ಹಳ್ಳಿಗಳಿಂದ ಬಂದವರು ತಗಡಿನ ಮನೆ ಕಟ್ಟಿಕೊಂಡರು. ಕಿಬೆರಾ, ಮುಕುರು, ಮಥಾರೆ ಎಲ್ಲ ಇಂಥಾ ಕೇರಿಗಳೇ.

ಮಥಾರೆ ಇರುವುದು ಸೊಮಾಲಿ ಮುಸ್ಲಿಮರ ವ್ಯಾಪಾರಕ್ಕೆ ಹೆಸರಾದ ಈಸ್ಟ್‌ಲೀ ಪೇಟೆಯ ಹತ್ತಿರವೇ. ಒಂದು ಸಣ್ಣ ಹೊಳೆ, ಅದರ ಎರಡೂ ದಂಡೆಗೆ ಒತ್ತಿಕೊಂಡ ತಗಡಿನ ಮನೆಗಳು, ಕಸ ಎತ್ತುವವರು ಯಾರೂ ಇಲ್ಲ. ಮಕ್ಕಳು ಪ್ಲಾಸ್ಟಿಕ್ ಚೀಲ ಸುತ್ತಿ, ಹಗ್ಗ ಬಿಗಿದು ಮಾಡಿದ ಚೆಂಡಿನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. 1987ರಲ್ಲಿ ಅಲ್ಲಿದ್ದ ಬಾಬ್ ಮನ್ರೋ ಎಂಬ ಕೆನಡಾದವರು ಆ ಮಕ್ಕಳ ಜೊತೆ ಸೇರಿ ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಶನ್ ಕಟ್ಟಿದರು. ಜನ ಅದನ್ನು ಚಿಕ್ಕದಾಗಿ ಮೈಸಾ ಅನ್ನುತ್ತಾರೆ. ಶರತ್ತು ಒಂದೇ ಇತ್ತು: ನಿಮಗೆ ಲೀಗ್ ಬೇಕಾದರೆ ನಿಮ್ಮ ಕೇರಿಯ ಕಸ ನೀವೇ ತೆಗೆಯಬೇಕು.

ಇದು ಬಾಯಿಮಾತಿನ ಉಪದೇಶ ಆಗಿರಲಿಲ್ಲ, ಲೀಗ್‌ನ ನಿಯಮವೇ ಆಗಿತ್ತು. ಪಂದ್ಯ ಗೆದ್ದರೆ ಸಿಗುವುದಕ್ಕಿಂತ ಹೆಚ್ಚು ಅಂಕ ಚರಂಡಿ ತೆಗೆದು ಬೀದಿ ಸ್ವಚ್ಛ ಮಾಡಿದ ತಂಡಕ್ಕೆ. ಎಷ್ಟೇ ಗೋಲು ಹೊಡೆಯಿರಿ, ಹಾರೆ ಹಿಡಿಯದ ತಂಡ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. 1992ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಗ್ಲೋಬಲ್ 500 ಪ್ರಶಸ್ತಿ ಇದಕ್ಕೆ ಬಂತು. ಅದೇ ಹೊತ್ತಿಗೆ ಹೆಣ್ಣುಮಕ್ಕಳ ತಂಡಗಳೂ ಶುರುವಾದವು. 1994ರಲ್ಲಿ ಇದೇ ಹುಡುಗರಿಂದ ಮಥಾರೆ ಯುನೈಟೆಡ್ ತಂಡ ಹುಟ್ಟಿತು. 2008ರಲ್ಲಿ ಅದು ಕೀನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು.

ಕಪ್ ಗೆದ್ದದ್ದಕ್ಕಿಂತ ದೊಡ್ಡ ವಿಷಯ ಮೈಸಾದ ವಿದ್ಯಾರ್ಥಿವೇತನದ ರೀತಿ. ಚಿಕ್ಕ ಮಕ್ಕಳಿಗೆ ಕೋಚಿಂಗ್ ಕೊಟ್ಟದ್ದಕ್ಕೆ, ರೆಫ್ರಿ ಆಗಿ ನಿಂತದ್ದಕ್ಕೆ, ಕಸ ಎತ್ತಿದ್ದಕ್ಕೆ, ಎಲ್ಲದಕ್ಕೂ ಹುಡುಗನ ಹೆಸರಿಗೆ ಅಂಕ ಬೀಳುತ್ತದೆ. ಹೆಚ್ಚು ಅಂಕ ಗಳಿಸಿದವರ ಫೀಸನ್ನು ನೇರ ಶಾಲೆಗೇ ಕಟ್ಟುತ್ತಾರೆ. ವೇದಿಕೆ ಹತ್ತಿ ಕೈಯೊಡ್ಡುವ ಪ್ರಶ್ನೆ ಇಲ್ಲ. ಆ ಹಣ ಅವನು ದುಡಿದದ್ದು. ಪಂದ್ಯ ಎಲ್ಲಿ, ಯಾವಾಗ, ಜಗಳ ಆದರೆ ಏನು ಅಂತ ತೀರ್ಮಾನಿಸುವ ಸಮಿತಿಗಳಲ್ಲೂ ಅವರೇ ಆರಿಸಿದ ಹುಡುಗ ಹುಡುಗಿಯರು ಕೂರುತ್ತಾರೆ.

ಈಗ ನಮ್ಮ ಕಡೆ ನೋಡೋಣ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ಉಳ್ಳಾಲದಿಂದ ಕುಂದಾಪುರದವರೆಗೆ ನಮ್ಮ ಸಂಘಟನೆಗಳ ಸನ್ಮಾನದ ಸೀಸನ್ ಶುರು. ತೊಂಬತ್ತೈದು ಪರ್ಸೆಂಟ್ ಬಂದವನಿಗೆ ನಾಲ್ಕು ಕಡೆ ಶಾಲು, ನಾಲ್ಕು ಮೊಮೆಂಟೊ. ಐವತ್ತು ಬಂದವನ ಮನೆ ಬಾಗಿಲು ತಟ್ಟಿದವರು ಯಾರೂ ಇಲ್ಲ. ಫೇಲಾದವನ ಹೆಸರು ಜಮಾಅತಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವನ ಹೆಸರು ಬರೆದಿಟ್ಟುಕೊಂಡವರು ಬೇರೆ ಇದ್ದಾರೆ: ಗಾಂಜಾ, ಎಂಡಿಎಂಎ ಮಾರುವವರು. ಅವನು ಫೇಲಾದ ದಿನವೇ ಅವರು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಬಾಪ ರಿಯಾದಿನಲ್ಲೋ ದುಬೈಯಲ್ಲೋ. ಮನೆಯಲ್ಲಿ ಉಮ್ಮ ಒಬ್ಬಳೇ. ರಾತ್ರಿ ವಾಟ್ಸಾಪ್ ಕಾಲ್‌ನಲ್ಲಿ "ಮಗ ಎಲ್ಲಿ" ಅಂತ ಕೇಳಿದರೆ "ಮಲಗಿದ್ದಾನೆ" ಅಂತ ಅವಳು ಹೇಳುತ್ತಾಳೆ. ಯಾಕೆಂದರೆ ಅಷ್ಟು ದೂರದಲ್ಲಿರುವವರ ನಿದ್ದೆ ಕೆಡಿಸಲು ಅವಳಿಗೆ ಮನಸ್ಸಿಲ್ಲ.

ಇದನ್ನು ಬೇರೆಯವರ ಕಡೆ ಬೆರಳು ತೋರಿಸಿ ಹೇಳುತ್ತಿಲ್ಲ. ನಾವೂ ಶಾಲು ಹೊದಿಸಿದ್ದೇವೆ, ಫೋಟೋ ತೆಗೆಸಿಕೊಂಡಿದ್ದೇವೆ. ಕಲಿಯುವವರಿಗೆ ಪ್ರೋತ್ಸಾಹ ಬೇಕು, ಅದು ನಿಲ್ಲಬಾರದು. ಆದರೆ ಓವರ್‌ಟೈಮ್ ಮಾಡಿ ಉಳಿಸಿದ ದಿರ್ಹಮ್, ರಿಯಾಲ್ ಹೇಗೂ ಮುಂದೆ ಹೋಗುವವನ ಕೈಗೇ ಸೇರಿ, ಜಾರುತ್ತಿರುವವನ ಕೈಗೆ ಸಿಗದೇ ಹೋದರೆ ನಮ್ಮ ಲೆಕ್ಕದಲ್ಲಿ ಏನೋ ತಪ್ಪಿದೆ.

"ನಮ್ಮಲ್ಲೂ ಟೂರ್ನಮೆಂಟ್ ಇದೆಯಲ್ಲ" ಅಂತ ಕೆಲವರು ಹೇಳಬಹುದು. ಇದೆ. ಅಂಡರ್ ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಫ್ಲಡ್‌ಲೈಟ್ ಹಾಕಿ ರಾತ್ರಿಯಿಡೀ. ಬೆಳಿಗ್ಗೆ ಮೈದಾನ ನೋಡಿದ್ದೀರಾ? ನೀರಿನ ಬಾಟಲಿ, ಬಿರಿಯಾನಿ ತಟ್ಟೆ ರಾಶಿ. ಸ್ವಚ್ಛತೆ ಈಮಾನಿನ ಭಾಗ ಅಂತ ಮದ್ರಸದಲ್ಲಿ ಕಲಿತ ಹುಡುಗರೇ ಅದನ್ನು ಹಾಗೇ ಬಿಟ್ಟು ಹೋಗಿರುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಅದಕ್ಕೂ ಅಂಕ ಇದೆ ಅಂತ ನಾವು ಅವರಿಗೆ ಯಾವತ್ತೂ ಹೇಳಿಲ್ಲ.

ಕೀನ್ಯಾದಲ್ಲಿ ಕಲಿಯುವಂಥದ್ದು ಇನ್ನೊಂದಿದೆ. ಅಲ್ಲಿ ಹೆಂಗಸರು, ಯುವಕರು ಹತ್ತಿಪ್ಪತ್ತು ಮಂದಿ ಸೇರಿ ಮಾಡಿಕೊಳ್ಳುವ ಗುಂಪಿಗೆ ಚಾಮಾ ಅನ್ನುತ್ತಾರೆ. ಎಲ್ಲರೂ ಸಮ ಹಣ ಹಾಕಿ, ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಚಾಮಾಗಳು ಬೇಕಾದಷ್ಟಿವೆ. ನಮ್ಮ ಊರಿನ ಕುರಿಯಂತೆಯೇ ಅನ್ನಿ. ಒಬ್ಬಳು ಹೊಲಿಗೆ ಮಿಶಿನ್ ತಗೊಳ್ಳುತ್ತಾಳೆ, ಇನ್ನೊಬ್ಬಳು ತರಕಾರಿ ಅಂಗಡಿ ಹಾಕುತ್ತಾಳೆ. ಸರಕಾರವೂ 2022ರ ನವೆಂಬರ್‌ನಲ್ಲಿ ಹಸ್ಲರ್ ಫಂಡ್ ಅಂತ ಮೊಬೈಲ್ ಸಾಲ ತಂದಿತು, 500 ಶಿಲ್ಲಿಂಗ್‌ನಿಂದ ಶುರು. ಆದರೆ ಅದಕ್ಕೆ ವರ್ಷಕ್ಕೆ ಶೇಕಡಾ 8ರ ಬಡ್ಡಿ. ಬಡ್ಡಿಯಿಂದ ದೂರ ಇರಬೇಕಾದ ನಮಗೆ ಸರದಿ ಕುರಿಯ ದಾರಿಯೇ ಹತ್ತಿರ. ಮನೆಯಲ್ಲಿರುವ ನಮ್ಮ ಹೆಂಗಸರಿಗೆ ಈ ವಿದ್ಯೆ ಹೊಸತಲ್ಲ. ಸಂಘಟನೆ ಅದಕ್ಕೊಂದು ಲೆಕ್ಕದ ಪುಸ್ತಕ, ಒಂದಿಷ್ಟು ತರಬೇತಿ ಕೊಟ್ಟರೆ ಸಾಕು.

ಮೈಸಾದಿಂದ ಮಥಾರೆ ಸ್ವರ್ಗ ಆಗಿದೆ ಅಂತ ಯಾರೂ ತಿಳಿಯಬೇಡಿ. ಮೈಸಾ ಬೆಳೆದದ್ದರಲ್ಲಿ ವಿದೇಶಿ ದಾನಿಗಳ ಹಣವೂ ಇದೆ. ಬಡತನ ಈಗಲೂ ಇದೆ. 2024ರ ಏಪ್ರಿಲ್‌ನ ನೆರೆಯಲ್ಲಿ ಮಥಾರೆಯಲ್ಲಿ ಜೀವಗಳು ಹೋದವು. ಆಮೇಲೆ ಹೊಳೆ ಬದಿಯ ಮನೆಗಳನ್ನು ಸರಕಾರವೇ ಕೆಡವಿತು. ನೀರು, ಚರಂಡಿ, ಶಾಲೆ, ಉದ್ಯೋಗ ಕೊಡುವುದು ಸರಕಾರದ ಕೆಲಸ. ಹುಡುಗರ ಕೈಗೆ ಹಾರೆ ಕೊಟ್ಟು ಆ ಜವಾಬ್ದಾರಿಯಿಂದ ಸರಕಾರವನ್ನು ಬಿಡಿಸುವುದು ಸರಿಯಲ್ಲ, ಅಲ್ಲೂ ಅಲ್ಲ, ಇಲ್ಲೂ ಅಲ್ಲ. ಆದರೆ ಸರಕಾರ ಬರುವವರೆಗೆ ಹದಿನಾರರ ಹುಡುಗ ಕಾಯುವುದಿಲ್ಲವಲ್ಲ.

ಆದ್ದರಿಂದ ನಮ್ಮ ಓದುಗರ ಮುಂದೆ, ನಮ್ಮ ಘಟಕಗಳ ಮುಂದೆ ಮೂರು ಮಾತು ಇಡುತ್ತಿದ್ದೇವೆ.

ಒಂದು, ಈ ವರ್ಷ ನಾವು ಪ್ರಾಯೋಜಿಸುವ ಯಾವ ಟೂರ್ನಮೆಂಟಿಗೂ ಕೆಲಸದ ಅಂಕ ಇರಲಿ. ಮೈದಾನ, ಬಾವಿಕಟ್ಟೆ, ಶಾಲೆಯ ಅಂಗಳ, ಕಬರಸ್ತಾನದ ದಾರಿ ಸ್ವಚ್ಛ ಮಾಡಿದ ತಂಡ, ರಕ್ತದಾನಕ್ಕೆ ಬಂದ ತಂಡ ಮೇಲೆ ಬರಲಿ. ಅದು ಯಾರ ಮೈದಾನ, ಯಾರ ಬೀದಿ ಅಂತ ನೋಡುವುದು ಬೇಡ.

ಎರಡು, ವಿದ್ಯಾರ್ಥಿವೇತನದ ಅರ್ಧವನ್ನು ಮಾರ್ಕು ನೋಡದೆ, ಹೀಗೆ ದುಡಿದ ಮಕ್ಕಳಿಗೆ ಕೊಡೋಣ. ಐಟಿಐ, ಎಸಿ ಮೆಕ್ಯಾನಿಕ್, ವೆಲ್ಡಿಂಗ್, ನರ್ಸಿಂಗ್, ಏನೇ ಇರಲಿ, ಫೀಸು ನೇರ ಸಂಸ್ಥೆಗೆ ಹೋಗಲಿ. ಟ್ರೇಡ್ ಸರ್ಟಿಫಿಕೇಟ್ ಇಲ್ಲದೆ ವಿಮಾನ ಹತ್ತಿದರೆ ಇಲ್ಲಿ ಏನಾಗುತ್ತದೆ ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಮೂರು, ಈ ಸಮಿತಿಗಳಲ್ಲಿ ಇಪ್ಪತ್ತೈದರ ಒಳಗಿನವರೇ ಹೆಚ್ಚಿರಲಿ, ಹೆಣ್ಣುಮಕ್ಕಳೂ ಇರಲಿ. ನಾವು ಹಿರಿಯರು ಲೆಕ್ಕ ಕೇಳೋಣ, ಮೈಕ್ ಹಿಡಿಯುವುದು ಬೇಡ. ಅವರು ತಪ್ಪು ಮಾಡುತ್ತಾರೆ. ಮಾಡಲಿ. ಮೊದಲ ಸಲ ಈ ಮರಳುಗಾಡಿಗೆ ಬಂದಾಗ ನಾವು ಎಷ್ಟು ತಪ್ಪು ಮಾಡಿರಲಿಲ್ಲ?

ಊರಿಗೆ ಹಣ ಕಳಿಸುವುದನ್ನು ನಾವು ಕಲಿತಿದ್ದೇವೆ. ಊರಿನ ಹುಡುಗರಿಗೆ ಕೆಲಸವನ್ನೂ ಅದರ ಜೊತೆ ನಂಬಿಕೆಯನ್ನೂ ಕಳಿಸುವುದು ಇನ್ನು ಬಾಕಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಶಾಲು ಹಿಡಿದು ವೇದಿಕೆ ಹತ್ತುವ ಮೊದಲು, ಮಸೀದಿಯ ಹೊರಗೆ ಕಟ್ಟೆಯ ಮೇಲೆ ಕೂತಿರುವ ಆ ಹುಡುಗನ ಪಕ್ಕ ಹತ್ತು ನಿಮಿಷ ಕೂರೋಣ. ಅವನ ಹೆಸರು ಕೇಳೋಣ. ನಮ್ಮ ಪಟ್ಟಿ ಅಲ್ಲಿಂದಲೇ ಶುರುವಾಗಲಿ. ಅದಕ್ಕೆ ಅಲ್ಲಾಹನು ನಮ್ಮೆಲ್ಲರಿಗೂ ತೌಫೀಕ್ ನೀಡಲಿ, ಆಮೀನ್.