ಮೂಗಿನ ನಳಿಕೆಗೆ ಹೊಣೆ ಯಾರು?

ದಾವಣಗೆರೆಯ ಆಸ್ಪತ್ರೆಗಳಿಂದ ಡಿಸ್ಚಾರ್ಜ್ ಆಗಿ ಹೊರಬರುವ ವಯಸ್ಸಾದವರಲ್ಲಿ ಕೆಲವರು ಮೂಗಿನಲ್ಲಿ ಒಂದು ಸಣ್ಣ ನಳಿಕೆ ಹೊತ್ತುಕೊಂಡೇ ಬರುತ್ತಾರೆ. ಲಕ್ವ ಹೊಡೆದು ನುಂಗಲು ಆಗದವರು, ತಲೆಗೆ ಪೆಟ್ಟು ಬಿದ್ದವರು, ಗಂಟಲ ಕ್ಯಾನ್ಸರಿನವರು. ಮನೆಯಲ್ಲಿ ಜನ ಇದ್ದವರು ಮನೆಗೆ ಹೋಗುತ್ತಾರೆ. ಇಲ್ಲದವರು ವೃದ್ಧಾಶ್ರಮಕ್ಕೋ, ಹೊಸ ಬಡಾವಣೆಯ ಬಾಡಿಗೆ ಮನೆಯಲ್ಲಿ ನಡೆಯುವ 'ಕೇರ್ ಸೆಂಟರ್'ಗೋ ಸೇರುತ್ತಾರೆ. ಅಲ್ಲಿಂದ ಮುಂದೆ ಆ ನಳಿಕೆಗೆ ಹೊಣೆ ಯಾರು? 'ನಾವು ಸರಿಯಾಗೇ ಹಾಕಿ ಕಳಿಸೀವಿ' ಅಂತಾರೆ ಆಸ್ಪತ್ರೆಯವರು. 'ನಾವೇನು ಡಾಕ್ಟ್ರೇನ್ರೀ?' ಅಂತಾರೆ ಆಶ್ರಮದವರು. 'ತಿಂಗಳಾ ತಿಂಗಳಾ ರೊಕ್ಕ ಕಟ್ತೀನಲ್ರೀ' ಅಂತಾನೆ ಮಗ. ಮೂವರ ಮಾತೂ ಸುಳ್ಳಲ್ಲ. ಆದರೆ ಮೂವರ ನಡುವೆ ಮಲಗಿರುವ ಅಜ್ಜಿಗೆ ಮಾತೇ ಹೊರಡುವುದಿಲ್ಲ.

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆ, ಆಪರೇಷನ್ ಮಾಡುವ ಖಾಸಗಿ ಆಸ್ಪತ್ರೆ. ಇಂಗ್ಲೆಂಡ್, ಅಮೆರಿಕದಲ್ಲಿ ಅದೇ ಹೆಸರಿಗೆ ಅರ್ಥ ಬೇರೆ. ಎದ್ದು ಓಡಾಡಲಾಗದ ಮುದುಕರನ್ನು ವರ್ಷಗಟ್ಟಲೆ ಇಟ್ಟುಕೊಂಡು, ನರ್ಸ್‌ಗಳ ಕೈಯಲ್ಲಿ ನೋಡಿಕೊಳ್ಳುವ ಮನೆ ಅದು. ಅಂಥ ಮನೆಗೆ ನಮ್ಮಲ್ಲಿ ಸರಿಯಾದ ಹೆಸರೂ ಇಲ್ಲ, ಸರಿಯಾದ ಕಾಯಿದೆಯೂ ಇಲ್ಲ. ಕೆಲಸ ಮಾತ್ರ ನಡೆದೇ ಇದೆ. ಊಟ, ಭಜನೆ, ಟಿ.ವಿ. ಎಂದು ಶುರುವಾದ ಆಶ್ರಮಗಳಲ್ಲಿ ಈಗ ಹಾಸಿಗೆ ಹಿಡಿದವರೂ ಇದ್ದಾರೆ. ಅವರನ್ನು ನೋಡಿಕೊಳ್ಳುವವರು ಅನೇಕ ಕಡೆ ನರ್ಸ್ ಅಲ್ಲ, ಆಯಾ.

ಸಣ್ಣ ನಳಿಕೆ, ದೊಡ್ಡ ಅಪಾಯ

ಮೂಗಿನಿಂದ ಹೊಟ್ಟೆಗೆ ಇಳಿಸುವ ಈ ನಳಿಕೆಗೆ ಆಸ್ಪತ್ರೆಯಲ್ಲಿ 'ರೈಲ್ಸ್ ಟ್ಯೂಬ್' ಅಂತಾರೆ. ರೈಲಿಗೂ ಇದಕ್ಕೂ ಸಂಬಂಧವಿಲ್ಲ. ಜಾನ್ ಆಲ್ಫ್ರೆಡ್ ರೈಲ್ ಎಂಬ ಬ್ರಿಟಿಷ್ ವೈದ್ಯ 1921 ರಲ್ಲಿ ಹೊಟ್ಟೆಯ ರಸ ತೆಗೆದು ಪರೀಕ್ಷೆ ಮಾಡಲೆಂದು ಇದನ್ನು ಬಳಕೆಗೆ ತಂದ. ತೆಗೆಯಲು ಮಾಡಿದ್ದು ಹಾಕಲಿಕ್ಕೂ ಬಂತು. ಎರಡನೆಯ ಬಗೆ ಪೆಗ್ ಟ್ಯೂಬ್. ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ನೇರವಾಗಿ ಜಠರಕ್ಕೆ ಇಡುವುದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1979 ರಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ಇಬ್ಬರು ವೈದ್ಯರು ಮೊದಲು ಮಾಡಿದ್ದು. ತಿಂಗಳುಗಟ್ಟಲೆ ನಳಿಕೆಯ ಊಟವೇ ಗತಿ ಎನ್ನುವವರಿಗೆ ಸಾಮಾನ್ಯವಾಗಿ ಇದೇ ಮೇಲು. ಆದರೆ ಖರ್ಚು ಹೆಚ್ಚು. ಹಾಗಾಗಿ ನಮ್ಮ ಕಡೆ ಬಹಳ ಮಂದಿಗೆ ಮೂಗಿನ ನಳಿಕೆಯೇ ಉಳಿಯುತ್ತದೆ.

ಅಪಾಯ ಎಲ್ಲಿದೆ? ಗಂಟಲ ಹತ್ತಿರ ದಾರಿ ಎರಡು. ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ಹಾಕುವಾಗ ನಳಿಕೆ ತಪ್ಪು ದಾರಿ ಹಿಡಿಯಬಹುದು. ಸರಿಯಾಗಿ ಹಾಕಿದ್ದು ಕೂಡ ಕೆಮ್ಮಿದಾಗ, ವಾಂತಿಯಾದಾಗ, ನಿದ್ದೆಗಣ್ಣಲ್ಲಿ ಕೈ ಎಳೆದಾಗ ಮೇಲಕ್ಕೆ ಸರಿಯಬಹುದು. ಆಗ ಹಾಕಿದ ಗಂಜಿ ಹೋಗುವುದು ಶ್ವಾಸಕೋಶಕ್ಕೆ. ಗಟ್ಟಿಮುಟ್ಟಾದವರಾದರೆ ಕೆಮ್ಮಿ ಒದ್ದಾಡುತ್ತಾರೆ, ಸುತ್ತಲಿನವರಿಗೆ ಗೊತ್ತಾಗುತ್ತದೆ. ಲಕ್ವ ಹೊಡೆದ ಮುದುಕರಿಗೆ ಎಷ್ಟೋ ಸಲ ಕೆಮ್ಮೂ ಬರುವುದಿಲ್ಲ. ಎರಡು ದಿನ ಬಿಟ್ಟು ಜ್ವರ, ಏದುಸಿರು. ಆಮೇಲೆ ನ್ಯುಮೋನಿಯಾ. 'ವಯಸ್ಸಾಗಿತ್ತು ಬಿಡ್ರಿ' ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ವಯಸ್ಸು ಕೊಂದಿತೋ, ಗಂಜಿ ಕೊಂದಿತೋ ಎಂದು ಕೇಳುವವರಿಲ್ಲ.

'ಗುಳುಗುಳು' ಸದ್ದು ನಂಬುವಂತಿಲ್ಲ

ನಳಿಕೆ ಹೊಟ್ಟೆಯಲ್ಲೇ ಇದೆಯೋ ಇಲ್ಲವೋ ನೋಡಲು ಹಳೆಯ ಪದ್ಧತಿ ಒಂದಿದೆ. ಸಿರಿಂಜಿನಿಂದ ಗಾಳಿ ಹೊಡೆದು, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು 'ಗುಳುಗುಳು' ಸದ್ದು ಕೇಳುವುದು. ಇನ್ನು ಕೆಲವರು ನಳಿಕೆಯ ತುದಿಯನ್ನು ನೀರಿನ ಬಟ್ಟಲಿಗೆ ಅದ್ದಿ ಗುಳ್ಳೆ ಬರುತ್ತದೆಯೇ ನೋಡುತ್ತಾರೆ. ಎರಡನ್ನೂ ನಂಬುವ ಹಾಗಿಲ್ಲ. ನಳಿಕೆ ಶ್ವಾಸಕೋಶದಲ್ಲಿದ್ದರೂ ಸದ್ದು ಹೊಟ್ಟೆಯ ತನಕ ಕೇಳಬಹುದು. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005 ರಲ್ಲೇ ಈ ಗಾಳಿ ಪರೀಕ್ಷೆಯನ್ನು ಬಿಡಿ ಎಂದು ಅಲ್ಲಿನ ಆಸ್ಪತ್ರೆಗಳಿಗೆ ಹೇಳಿತು. ನಳಿಕೆ ಶ್ವಾಸಕೋಶಕ್ಕೆ ಹೋಗಿದ್ದು ಗೊತ್ತಾಗದೆ ಊಟ ಹಾಕುವುದನ್ನು, ಎಂದೂ ಆಗಲೇಬಾರದ ತಪ್ಪುಗಳ ಪಟ್ಟಿಗೆ ಆ ದೇಶ ಸೇರಿಸಿದೆ. ಇಲ್ಲಿ ಆಯಾಗಳಿಗೆ ಇವತ್ತಿಗೂ ಅದೇ ಗಾಳಿ ಪರೀಕ್ಷೆಯನ್ನು ಹೇಳಿಕೊಟ್ಟು ಕಳಿಸುವುದುಂಟು.

ಹಾಗಾದರೆ ಸರಿಯಾದದ್ದು ಯಾವುದು? ನಳಿಕೆ ಹಾಕಿದ ಮೇಲೆ ಅನುಮಾನವಿದ್ದರೆ ಎಕ್ಸ್‌ರೇ ತೆಗೆಯುವುದೇ ಗಟ್ಟಿ ದಾರಿ. ದಿನನಿತ್ಯಕ್ಕೆ ಎರಡು ಕೆಲಸ ಸಾಕು. ಒಂದು, ನಳಿಕೆಯ ಮೇಲಿನ ಗುರುತು ಮೂಗಿನ ಹೊಳ್ಳೆಯ ಹತ್ತಿರ ಎಷ್ಟನೆಯ ಸೆಂಟಿಮೀಟರಿಗೆ ಇದೆ ಎಂದು ಮೊದಲ ದಿನವೇ ಬರೆದಿಟ್ಟು, ಪ್ರತಿ ಊಟಕ್ಕೂ ಮುಂಚೆ ಅದೇ ಇದೆಯೇ ನೋಡುವುದು. ಎರಡು, ಸಿರಿಂಜಿನಲ್ಲಿ ಹೊಟ್ಟೆಯ ರಸ ಸ್ವಲ್ಪ ಎಳೆದು ಪಿಎಚ್ ಪಟ್ಟಿಯ ಮೇಲೆ ಹಾಕುವುದು. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಊಟ ಹಾಕಬಹುದು. ಹೆಚ್ಚು ಬಂದರೆ ನಿಲ್ಲಿಸಿ ಕೇಳಬೇಕು. ಗ್ಯಾಸಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹುಳಿ ಅಂಶ ಕಡಿಮೆಯಾಗಿ ಪಟ್ಟಿ ಹೆಚ್ಚು ತೋರಿಸಬಹುದು. ಅಂಥವರ ವಿಷಯದಲ್ಲಿ ಏನು ಮಾಡಬೇಕೆಂದು ಡಾಕ್ಟರು ಮೊದಲೇ ಬರೆದುಕೊಡಬೇಕು.

ಊಟ ಹಾಕುವುದೂ ಒಂದು ವಿದ್ಯೆ

ಮಲಗಿಸಿಕೊಂಡೇ ಊಟ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತಲೆ, ಬೆನ್ನು 30 ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಅಂದರೆ ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ. ಊಟ ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇರಬೇಕು. ನಾಲ್ಕು ಮಂಚಕ್ಕೆ ಒಬ್ಬಳೇ ಆಯಾ ಇದ್ದಾಗ ಈ ಒಂದು ಗಂಟೆಯೇ ಮೊದಲು ಹಾರಿಹೋಗುವುದು. ಬಟ್ಟೆ ಬದಲಿಸುವುದು, ಮಗ್ಗುಲು ತಿರುಗಿಸುವುದು ಇವನ್ನೆಲ್ಲ ಊಟಕ್ಕೆ ಮುಂಚೆ ಮುಗಿಸಿಕೊಂಡರೆ ಅರ್ಧ ಅಪಾಯ ತಪ್ಪುತ್ತದೆ.

ಸಿರಿಂಜಿನ ಹಿಡಿ ಒತ್ತಿ ರಭಸದಿಂದ ತುಂಬಬಾರದು. ಹಿಡಿ ತೆಗೆದು, ಸಿರಿಂಜನ್ನು ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಒಂದು ಹೊತ್ತಿನ ಊಟಕ್ಕೆ ಹದಿನೈದು ಇಪ್ಪತ್ತು ನಿಮಿಷವಾದರೂ ಹಿಡಿಯಬೇಕು. ಮೊದಲೂ ಕೊನೆಗೂ ಸುಮಾರು 30 ಮಿ.ಲೀ. ನೀರು. ಇಲ್ಲದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ರಾಗಿ ಗಂಜಿ, ಬೇಳೆ ಕಟ್ಟು, ಹಾಲು ಯಾವುದೇ ಇರಲಿ, ನುಣ್ಣಗೆ ಸೋಸಿರಬೇಕು, ಆಗ ತಾನೇ ಮಾಡಿದ್ದಿರಬೇಕು. ಬೆಳಗ್ಗೆ ಮಾಡಿದ ಗಂಜಿಯನ್ನು ಸಂಜೆಯ ತನಕ ಪಾತ್ರೆಯಲ್ಲಿ ಇಟ್ಟು ಹಾಕಿದರೆ ಭೇದಿ ಖಂಡಿತ. ಹಾಗೆಂದು ಬರೀ ತಿಳಿಗಂಜಿ, ಎಳನೀರು ಹಾಕುತ್ತಾ ಹೋದರೆ ಹೊಟ್ಟೆ ತುಂಬಿದ ಹಾಗೆ ಕಂಡರೂ ಮೈ ಸೊರಗುತ್ತದೆ, ಬೆನ್ನ ಹುಣ್ಣು ಮಾಯುವುದಿಲ್ಲ. ದಿನಕ್ಕೆ ಎಷ್ಟು, ಏನು ಎಂಬುದನ್ನು ಆಹಾರ ತಜ್ಞರು ಬರೆದುಕೊಡಬೇಕು.

ಮಾತ್ರೆಯದು ಇನ್ನೊಂದು ಕಥೆ. ಇರುವ ಮಾತ್ರೆಯನ್ನೆಲ್ಲ ಒಟ್ಟಿಗೆ ಅರೆದು ಗಂಜಿಗೆ ಕಲಸಿ ಹಾಕುವುದು ರೂಢಿ. ತಪ್ಪು. ಒಂದೊಂದನ್ನೂ ಬೇರೆ ಬೇರೆ ನೀರಲ್ಲಿ ಕರಗಿಸಿ, ನಡುವೆ ನೀರು ಹಾಕಬೇಕು. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳಿರುತ್ತವೆ. ಅವನ್ನು ಅರೆದರೆ ದಿನವಿಡೀ ಹೋಗಬೇಕಾದ ಔಷಧ ಒಂದೇ ಸಲಕ್ಕೆ ಮೈಗೆ ಹೋಗುತ್ತದೆ. ಮೆಡಿಕಲ್ ಸ್ಟೋರಿನವರು ಚೀಟಿ ನೋಡುವಾಗ 'ನಳಿಕೆಯಲ್ಲಿ ಹಾಕೋದೇನ್ರೀ?' ಎಂದು ಒಂದು ಮಾತು ಕೇಳಿದರೂ ಉಪಕಾರ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚಿ, ನಳಿಕೆ ಕಟ್ಟಿತೆಂದು ಊಟ ತಪ್ಪಿಸಿದರೆ ಸಕ್ಕರೆ ಇಳಿದು ಜೀವಕ್ಕೇ ಬರುತ್ತದೆ.

ನಳಿಕೆ ಕಿತ್ತು ಬಂದರೆ ತೊಳೆದು ತಾವೇ ತುರುಕುವ ಧೈರ್ಯ ಯಾರಿಗೂ ಬೇಡ. ಪೆಗ್ ಟ್ಯೂಬ್ ಹೊರಬಂದರಂತೂ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ನಳಿಕೆ ಕೀಳುತ್ತಾರೆಂದು ಕೈ ಕಟ್ಟಿಹಾಕುವುದು ಆರೈಕೆ ಅಲ್ಲ, ಶಿಕ್ಷೆ. ಬಾಯಿಂದ ಊಟ ಇಲ್ಲವೆಂದು ಬಾಯಿ ತೊಳೆಯುವುದನ್ನು ಬಿಡುವುದೂ ತಪ್ಪು. ಆ ಕೊಳೆಯೇ ಎಂಜಲಿನ ಜೊತೆ ಇಳಿದು ಶ್ವಾಸಕೋಶ ಕೆಡಿಸುತ್ತದೆ.

ಇನ್ನೂ ಒಂದು ಪ್ರಶ್ನೆ ಇದೆ. ಎಲ್ಲರಿಗೂ ನಳಿಕೆ ಬೇಕೇ? ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದವರಿಗೆ ನಳಿಕೆ ಹಾಕುವುದಕ್ಕಿಂತ, ಬೇಕೆಂದಷ್ಟು ತುತ್ತನ್ನು ಕೈಯಿಂದ ನಿಧಾನವಾಗಿ ಉಣಿಸುವುದೇ ಮೇಲು ಎಂದು ಅಮೆರಿಕದ ವೃದ್ಧರ ವೈದ್ಯರ ಸಂಘ 2014 ರಲ್ಲಿ ಹೇಳಿದೆ. ಆದರೆ ಕೈತುತ್ತಿಗೆ ಅರ್ಧ ಗಂಟೆ ಬೇಕು, ಜನ ಬೇಕು. ಜನ ಸಾಲದ ಕಡೆ ನಳಿಕೆ ಅನುಕೂಲ. ಯಾರಿಗೆ ಅನುಕೂಲ ಎಂಬುದನ್ನು ಮನೆಯವರು ಡಾಕ್ಟರ ಎದುರಿಗೇ ಕೇಳಬೇಕು.

ಕಾಯಿದೆಯ 'ಬಹುದು'

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಬಂದದ್ದು 2007 ರಲ್ಲಿ. ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಎಂದು ಅದರ 19 ನೇ ಕಲಂ ಹೇಳುತ್ತದೆ. ಆದರೆ 'ಸ್ಥಾಪಿಸಬಹುದು' ಎಂದಿದೆ, 'ಸ್ಥಾಪಿಸಬೇಕು' ಎಂದಿಲ್ಲ. ಆಶ್ರಮದಲ್ಲಿ ವೈದ್ಯಕೀಯ ಆರೈಕೆಗೂ ಮನರಂಜನೆಗೂ ಏನೇನು ಇರಬೇಕೆಂದು ಸರ್ಕಾರ ಗೊತ್ತುಮಾಡಬಹುದು ಎಂದೂ ಅದೇ ಕಲಂನಲ್ಲಿದೆ. ಮನರಂಜನೆಗೆ ಒಂದು ಟಿ.ವಿ. ತಂದಿಟ್ಟರೆ ಮುಗಿಯಿತು. ಆರೈಕೆ ಹಾಗೆ ತಂದಿಡುವ ಸಾಮಾನಲ್ಲ.

ಆರೈಕೆ ಮನೆಗಳು, ಮನೆಗೆ ಬಂದು ನೋಡಿಕೊಳ್ಳುವ ಸಂಸ್ಥೆಗಳು ನೋಂದಣಿ ಆಗಬೇಕು, ಕನಿಷ್ಠ ಮಟ್ಟ ಪಾಲಿಸಬೇಕು ಎಂಬ ತಿದ್ದುಪಡಿ ಮಸೂದೆ 2019 ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು. ಪಾಸಾಗಲಿಲ್ಲ. 2024 ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. ಇತ್ತ ರಾಜ್ಯದ 2007 ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಹೇಳುವುದು ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬುಗಳ ಮಾತು. ಅದು ಆರೋಗ್ಯ ಇಲಾಖೆಯ ಕೆಲಸ. ವೃದ್ಧಾಶ್ರಮ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಬಾಬತ್ತು. ಅಜ್ಜಿಯ ಮಂಚ ಒಂದು ಇಲಾಖೆಗೆ, ಮೂಗಿನ ನಳಿಕೆ ಇನ್ನೊಂದು ಇಲಾಖೆಗೆ ಎಂಬಂತಾಗಿದೆ.

ಹಳದೀಪುರದ ಪಾಠ

ದೊಡ್ಡ ಮಿಷನ್ ಇಲ್ಲದೆ ಇದೆಲ್ಲ ಆಗದು ಎನ್ನುವವರು ಅರುಣಾ ಶಾನ್‌ಭಾಗ್ ಅವರನ್ನು ನೆನೆಯಬೇಕು. ಹೊನ್ನಾವರ ತಾಲೂಕಿನ ಹಳದೀಪುರದ ಈ ನರ್ಸ್ 1973 ರ ನವೆಂಬರಿನಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹಲ್ಲೆಗೆ ಸಿಕ್ಕಿ ಹಾಸಿಗೆ ಹಿಡಿದರು. 2015 ರ ಮೇ ತಿಂಗಳಲ್ಲಿ ತೀರಿಕೊಳ್ಳುವ ತನಕ, 41 ವರ್ಷಕ್ಕೂ ಮಿಕ್ಕಿ, ಅಲ್ಲಿನ ನರ್ಸ್‌ಗಳೇ ಉಣಿಸಿ ತೊಳೆದು ನೋಡಿಕೊಂಡರು. ಸುಪ್ರೀಂ ಕೋರ್ಟಿನ 2011 ರ ತೀರ್ಪಿಗೆ ಮುಂಚೆ ಪರೀಕ್ಷಿಸಿದ ವೈದ್ಯರಿಗೆ ಅವರ ಮೈಮೇಲೆ ಒಂದು ಬೆನ್ನಹುಣ್ಣೂ ಕಾಣಲಿಲ್ಲ. ಅದು ಕಲಿತ ಕೈ, ಪಾಳಿ ತಪ್ಪದ ಕೈ ಮಾಡಿದ ಕೆಲಸ.

ದಾವಣಗೆರೆಗೆ ಕಲಿತ ಕೈಗಳ ಬರವೇನಿಲ್ಲ. ಎರಡು ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜುಗಳು, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವೆ. ಆಗಬೇಕಾದದ್ದು ಇಷ್ಟು. ನಳಿಕೆ ಹಾಕಿ ಕಳಿಸುವ ಪ್ರತಿ ಆಸ್ಪತ್ರೆ, ಹಾಕಿದ ತಾರೀಖು, ಬದಲಿಸುವ ತಾರೀಖು, ಸೆಂಟಿಮೀಟರ್ ಗುರುತು, ಊಟದ ಅಳತೆ, ಕರೆಯಬೇಕಾದ ಫೋನ್ ನಂಬರು ಇವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ. ಆಶ್ರಮದಲ್ಲಿ ಪ್ರತಿ ಊಟಕ್ಕೂ ಒಂದು ಸಾಲು ಬರೆಯುವ ಪುಸ್ತಕ ಇರಲಿ. ಜಿಲ್ಲಾ ಆಸ್ಪತ್ರೆ ತಿಂಗಳಿಗೊಂದು ದಿನ ಆಯಾಗಳಿಗೆ ಕಲಿಸಲಿ. ಎರಡೂ ಇಲಾಖೆಯ ಅಧಿಕಾರಿಗಳನ್ನು ಒಂದೇ ಜೀಪಿನಲ್ಲಿ ಕೂರಿಸಿ ತಪಾಸಣೆಗೆ ಕಳಿಸುವುದು ಜಿಲ್ಲಾಧಿಕಾರಿಗಳ ಕೈಯಲ್ಲಿದೆ.

ಅಪ್ಪ ಅವ್ವನನ್ನು ಬಿಟ್ಟು ಬಂದವರೂ ತಿಂಗಳ ರೊಕ್ಕ ಕಟ್ಟುವಾಗ ಆ ಪುಸ್ತಕ ತೆಗೆಸಿ ನೋಡಲಿ. ಊಟದ ಹೊತ್ತಿಗೆ ಹೇಳದೆ ಹೋಗಿ ಮಂಚದ ತಲೆದೆಸೆ ಎತ್ತಿದೆಯೇ ನೋಡಲಿ. ದೂರು ಹೇಳಲು ಹಿರಿಯರ ಸಹಾಯವಾಣಿ 14567 ಇದೆ, ದುಡ್ಡು ಬೀಳುವುದಿಲ್ಲ. ಮುಂದಿನ ತಪಾಸಣೆ ಯಾವಾಗ ಎಂಬುದನ್ನು ಜಿಲ್ಲಾಡಳಿತ ತಾರೀಖು ಸಮೇತ ಹೇಳಬೇಕು.